ಏಳನೆಯ ಸಂಪುಟ

ನಮ್ಮೂರಿನಲ್ಲಿ ಒಬ್ಬರ ಕಣ್ಣಿಗೆ ಒಂದೇ ವ್ಯಾಖ್ಯಾನ. ಸತ್ಯವೇದವನ್ನು, ಅಂದರೆ ಬೈಬಲನ್ನು, ಯಾರು ಎಷ್ಟು ಸಲ ಬೇಕಾದರೂ ಓದಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಆದರೆ ಅದರ ಅರ್ಥ ಬಿಡಿಸಿ ಹೇಳುವ ಪುಸ್ತಕಗಳಿವೆಯಲ್ಲ, ಅವುಗಳಲ್ಲಿ ಯಾವುದರ ಮೊದಲ ಪುಟವನ್ನು ನೀವು ಮೊದಲು ಓದಿ ಮುಗಿಸುತ್ತೀರೋ ಅದೇ ನಿಮ್ಮದು. ಅಂದಿನಿಂದ ಉಳಿದವೆಲ್ಲ ನಿಮ್ಮ ಕಣ್ಣಿಗೆ ಬಿಳಿ ಹಾಳೆ. ಪಕ್ಕದಲ್ಲಿ ನಿಂತವನು ಅದೇ ಹಾಳೆಯನ್ನು ಗಡಗಡನೆ ಓದುತ್ತಿರುತ್ತಾನೆ, ನಿಮಗೆ ಕಾಣುವುದು ನುಸಿ ಕೊರೆದ ತೂತು ಮಾತ್ರ. ಹೊರಗಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಅವರೂರಿನಲ್ಲಿ ಹತ್ತು ಪುಸ್ತಕ ಓದಿದವರು ಏನು ಕಡಿದು ಕಟ್ಟೆ ಹಾಕಿದ್ದಾರೆಂದು ನಾನೂ ನೋಡಿದ್ದೇನೆ.

ಹಾಗಾಗಿ ನಮ್ಮಲ್ಲಿ ಯಾರೂ ಸುಮ್ಮಸುಮ್ಮನೆ ವ್ಯಾಖ್ಯಾನ ತೆರೆಯುವುದಿಲ್ಲ. ಸಭೆ ನಡೆಸುವ ಅಯ್ಯನವರ ಮನೆಗಳಲ್ಲಿ ಪುಸ್ತಕದ ಕಪಾಟಿಗೆ ಬೀಗ ಇರುತ್ತದೆ. ಹೆಂಗಸರು ಯಾವುದನ್ನೂ ಓದಲು ಹೋಗುವುದಿಲ್ಲ, "ನಮ್ಮ ಕಣ್ಣು ನಮಗಿರ್ಲಿ" ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಕುಲಗೋತ್ರಕ್ಕಿಂತ ಮೊದಲು ಕೇಳುವುದು, "ನಿಮ್ಮ ಅಯ್ಯನವರದು ಯಾವ ಪುಸ್ತಕ?" ಎಂದೇ.

ನನ್ನ ಹೆಸರು ಸಮಾಧಾನಪ್ಪ. ಈ ಹೆಸರು ಇಟ್ಟವರನ್ನು ಕರೆಸಿ ಒಂದು ವಾರ ನನ್ನ ಜೊತೆ ಇರಿಸಬೇಕು ಎಂದು ಹೆಂಡತಿ ಎಸ್ತೇರವ್ವ ಹೇಳುತ್ತಿದ್ದಳು. ಆಗ ಅವಳು ಇನ್ನೂ ನನ್ನ ಜೊತೆ ತಮಾಷೆ ಮಾಡುತ್ತಿದ್ದಳು. ಕೋಟೆಯ ಪಕ್ಕದ ದೊಡ್ಡ ಸಭೆಗೆ ನಾನು ಮೂವತ್ತೊಂದು ವರ್ಷದಿಂದ ಅಯ್ಯನವರು.

ಪಾಠಶಾಲೆ ಮುಗಿಸಿದ ವರ್ಷ ನಾನು ಮತ್ತು ದೇವಪುತ್ರ ಒಂದೇ ಬೆಳಿಗ್ಗೆ ಪುಸ್ತಕ ಆರಿಸಲು ಹೋದೆವು. ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ದೀಪದಲ್ಲಿ ಓದಿ ಬೆಳೆದವರು ನಾವು. ಆರಿಸುವುದು ಎಂದರೆ ಏನು? ಒಳಗೆ ಓದುವ ಹಾಗಿಲ್ಲ, ಓದಿದರೆ ಆರಿಸಿದ ಹಾಗೇ. ಬೆನ್ನು ನೋಡಬೇಕು, ರಟ್ಟು ತಟ್ಟಬೇಕು, ಹಳಬರು ಏನು ಹೇಳಿದ್ದಾರೆಂದು ನೆನಪಿಸಿಕೊಳ್ಳಬೇಕು. ಮುಸುಕು ಹಾಕಿದ ಹೆಣ್ಣನ್ನು ಮದುವೆಗೆ ಒಪ್ಪಿದ ಹಾಗೆ ಆ ಕೆಲಸ. ಅದಕ್ಕೇ ನಮ್ಮ ಸಭೆಯ ಹಿರಿಯರು ಒಂದು ಪದ್ಧತಿ ಮಾಡಿಕೊಂಡಿದ್ದರು. ತೂಗುವುದು. ಕಿರಾಣಿ ಅಂಗಡಿಯ ಬೆನ್ಯಾಮಿನಪ್ಪ, ನಮ್ಮ ಸಭೆಯ ಹಿರಿಯ, ತನ್ನ ತಕ್ಕಡಿಯನ್ನು ಪುಸ್ತಕದ ಕೋಣೆಗೇ ಹೊರಿಸಿಕೊಂಡು ಬರುತ್ತಿದ್ದ. ಯಾವುದು ಹೆಚ್ಚು ತೂಗುತ್ತದೋ ಅದರಲ್ಲಿ ಹೆಚ್ಚು ಅರ್ಥ ಇರಲೇಬೇಕಲ್ಲ. ನಮಗೆ ಅದು ತಪ್ಪೆಂದು ಅನ್ನಿಸಲೇ ಇಲ್ಲ.

ಹನ್ನೆರಡು ಸಂಪುಟದ, ಚರ್ಮದ ರಟ್ಟಿನ ವ್ಯಾಖ್ಯಾನ ಒಂದಿತ್ತು. ಅದನ್ನು ಒಂದೇ ಸಲಕ್ಕೆ ತೂಗಲು ಆಗಲಿಲ್ಲ, ಮೂರು ಸಲ ಹಾಕಬೇಕಾಯಿತು. ಬೆನ್ಯಾಮಿನಪ್ಪ ಹಣೆಯ ಬೆವರು ಒರೆಸಿಕೊಂಡು, "ಇದನ್ನ ಹೊರೋ ಗಂಡಸು ಯಾರರ ಅದಾರೇನ್ರೀ?" ಎಂದ. ನಾನು ಮುಂದೆ ಬಂದೆ. ನನ್ನ ಎದೆ ಅಂದು ಎಷ್ಟು ಉಬ್ಬಿತ್ತೆಂದರೆ, ಇವತ್ತು ನೆನೆದರೆ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ದೇವಪುತ್ರ ಕೆಳಗಿನ ಹಲಗೆಯಿಂದ ಒಂದು ತೆಳ್ಳನೆಯ ಪುಸ್ತಕ ಎಳೆದ. ಖಾಕಿ ಕಾಗದದ ಹೊದಿಕೆ, ಬರೆದವರ ಹೆಸರಿದ್ದ ಹಾಳೆ ಹರಿದುಹೋಗಿತ್ತು. ನಲವತ್ತು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ತಕ್ಕಡಿಯಲ್ಲಿ ಅದಕ್ಕೆ ಎದುರಾಗಿ ಇಡಲು ಬೆನ್ಯಾಮಿನಪ್ಪನ ಹತ್ತಿರ ಸಣ್ಣ ಕಲ್ಲೇ ಇರಲಿಲ್ಲ.

"ಅದನ್ಯಾಕ ತಗೋತೀಯೋ ಮಾರಾಯಾ?" ಎಂದೆ.

"ಯಾರೂ ಒಯ್ಯಲಿಲ್ಲಂದ್ರ ಪಾಪ, ಗೆದ್ದಲ ಒಯ್ತಾವು" ಎಂದು ಅವನು ಕಿಟಕಿಯ ಬಳಿ ಹೋಗಿ ಮೊದಲ ಪುಟ ಓದತೊಡಗಿದ. ಓದಿ ಮುಗಿಸಿ ನನ್ನ ಕೈಯಲ್ಲಿದ್ದ ದಪ್ಪ ಪುಸ್ತಕದತ್ತ ಕಣ್ಣು ಹಾಯಿಸಿದ. "ಹೋತು ನೋಡು, ನಿಂದೆಲ್ಲಾ ಬೆಳ್ಳಗಾತು" ಎಂದು ನಕ್ಕ. ಅಷ್ಟು ತೆಳ್ಳಗಿದ್ದ ಅವನ ಪುಸ್ತಕಕ್ಕೆ ನಾನು ಅಂದೇ ಪಂಚಾಂಗ ಎಂದು ಹೆಸರಿಟ್ಟೆ. ಊರಿಡೀ ಅದೇ ಹೆಸರಾಯಿತು. ಅವನಿಗೆ ಕೆರೆಯಾಚೆಯ ಸಣ್ಣ ಸಭೆ ಸಿಕ್ಕಿತು, ನನಗೆ ಕೋಟೆಯದು.

ನನ್ನ ಪುಸ್ತಕದಲ್ಲಿ ಉತ್ತರವಿಲ್ಲದ ವಚನವೇ ಇರಲಿಲ್ಲ. ಮೊದಲನೆಯ ಕಾರಣ, ಎರಡನೆಯ ಕಾರಣ, ಮೂರನೆಯ ಕಾರಣ ಎಂದು ಎಣಿಸಿಕೊಂಡು ಹೋಗುತ್ತಿತ್ತು. ಪ್ರತಿ ಭಾನುವಾರ ಬೆನ್ಯಾಮಿನಪ್ಪ ಆ ವಾರದ ಸಂಪುಟವನ್ನು ತಲೆಯ ಮೇಲೆ ಹೊತ್ತು ತಂದು ಪ್ರಸಂಗಪೀಠದ ಮೇಲೆ ಇಡುತ್ತಿದ್ದ. ನಾನು ಬೆರಳಿಟ್ಟು ಓದುತ್ತಿದ್ದೆ, ಸಭೆ ಒಂದೊಂದು ಕಾರಣಕ್ಕೂ ತಲೆಯಾಡಿಸುತ್ತಿತ್ತು. ಆ ಕಡೆ ದೇವಪುತ್ರ ಕೆಲವು ಭಾನುವಾರ ಪ್ರಸಂಗದ ನಡುವೆ ನಿಂತುಬಿಡುತ್ತಿದ್ದನಂತೆ. "ಇಲ್ಲೆ ನಮ್ಮ ಪುಸ್ತಕ ತನಗ ಗೊತ್ತಿಲ್ಲ ಅಂತೈತಿ. ನನಗೂ ಗೊತ್ತಾಗವಲ್ದು. ಹಾಡು ಹೇಳೂಣು ಬರ್ರಿ" ಎಂದು ಕೂತುಬಿಡುತ್ತಿದ್ದನಂತೆ. ನಮ್ಮ ಸಭೆಯವರು ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು.

ಒಂದು ಮಾತನ್ನು ಮುಚ್ಚಿಡಬಾರದು. ನಮ್ಮೂರಿನ ಕಟ್ಟು ಕಣ್ಣಿಗೆ ಮಾತ್ರ, ಕಿವಿಗಲ್ಲ. ಇನ್ನೊಬ್ಬರ ವ್ಯಾಖ್ಯಾನವನ್ನು ಅವರ ಬಾಯಿಂದ ಓದಿಸಿ ಕೇಳಬಹುದು, ಅದು ಚೆನ್ನಾಗಿಯೇ ಕೇಳಿಸುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಯಾವ ಅಯ್ಯನವರೂ ಹಾಗೆ ಕೇಳಲು ಹೋದವರಲ್ಲ. ನೆರೆಮನೆಯಿಂದ ಕೆಂಡ ತರಬಹುದು, ಉಪ್ಪು ತರಬಹುದು, ಅರ್ಥ ತರುವುದೇ? ಹಾಗೆ ಹೋದರೆ ತನ್ನ ಮನೆಯ ಕಪಾಟು ಖಾಲಿ ಎಂದು ಸಾರಿದಂತೆ. ಮಾನಗೇಡು.

ನಮಗೆ ಒಬ್ಬಳೇ ಮಗಳು, ತಬಿಥಾ. ಮನೆಯಲ್ಲಿ ತಬ್ಬಿ. ಅವಳನ್ನು ಹೆಂಚಿನ ಕಾರ್ಖಾನೆಯ ಮೇಸ್ತ್ರಿ ಜಯಶೀಲನಿಗೆ ಕೊಟ್ಟಿದ್ದೆ. ನಮ್ಮ ಸಭೆಯ ಹಾಡುವ ಗುಂಪಿನಲ್ಲಿ ಅವನದು ಎತ್ತಿದ ದನಿ. ಅವನು ಹಾಡಿದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥ ದನಿ ಇರುವವನು ಮನೆಯಲ್ಲಿ ಏನು ಮಾಡುತ್ತಾನೆಂದು ಯಾರು ವಿಚಾರಿಸುತ್ತಾರೆ?

ಮೊದಲ ಸಲ ಅವಳು ಮುಂದಿನ ಹಲ್ಲು ಮುರಿದುಕೊಂಡು ಬಂದಳು, ಬಚ್ಚಲಲ್ಲಿ ಜಾರಿದೆ ಎಂದಳು. ಎರಡನೆಯ ಸಲ ಮುಂಗೈ ಸುಟ್ಟಿತ್ತು. ಮೂರನೆಯ ಸಲ ಬಟ್ಟೆಯ ಗಂಟು ಹಿಡಿದು ಬಂದವಳೇ ಪಡಸಾಲೆಯಲ್ಲಿ ನಿಂತು, "ಅಪ್ಪಾ, ನಾ ಇನ್ನ ಅಲ್ಲಿ ಹೋಗಂಗಿಲ್ಲ" ಎಂದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು.

ತಂದೆಯಾದವನು ಆಗ ಏನು ಮಾಡಬೇಕು? ನೀರು ಕೊಡಬೇಕು. ಕೂಡಿಸಬೇಕು. ನಾನು ಕಪಾಟಿನ ಬೀಗ ತೆಗೆದೆ. ಹೆಂಡತಿ ಗಂಡನನ್ನು ಬಿಟ್ಟು ಬರುವುದರ ವಿಷಯ ಏಳನೆಯ ಸಂಪುಟದಲ್ಲಿ ಇತ್ತು. ಮಗಳು ನಿಂತೇ ಇದ್ದಳು, ನಾನು ಪುಟ ಹುಡುಕುತ್ತಿದ್ದೆ. ಹಿಂದಿರುಗಿ ಹೋಗತಕ್ಕದ್ದು ಎಂದು ಬರೆದಿತ್ತು, ಅದಕ್ಕೆ ನಾಲ್ಕು ಕಾರಣಗಳು. ಬೆರಳಿಟ್ಟು ಓದತೊಡಗಿದೆ. ಎರಡು ಕಾರಣ ಮುಗಿದು ಮೂರನೆಯದಕ್ಕೆ ಬಂದಾಗ ಅವಳು ತಡೆದಳು.

"ಪುಸ್ತಕ ಬ್ಯಾಡಪ್ಪಾ. ನೀ ಏನಂತಿ? ಅದನ್ನ ಹೇಳು."

"ಪುಸ್ತಕ ಏನಂತೈತೋ ನಾನೂ ಅದನ್ನ ಅಂತೀನಿ."

ಅವಳು ಗಂಟಿನ ಮೇಲೆ ಕೂತುಬಿಟ್ಟಳು. ಎಸ್ತೇರವ್ವ ನನ್ನನ್ನು ಅಡುಗೆಮನೆಗೆ ಕರೆದಳು. ಅವಳು ಬೇಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ದೇವಪುತ್ರಪ್ಪನ ಪುಸ್ತಕದಾಗ ಏನೈತಿ ಕೇಳ್ಕೊಂಡ ಬರ್ರಿ. ಕೆರಿ ದಾಟಿದ್ರ ಅವರ ಮನಿ."

"ಆ ಪಂಚಾಂಗ ಕೇಳಾಕ ನಾ ಹೋಗಬೇಕಾ? ಊರ ಮಂದಿ ನಗೂದಿಲ್ಲೇನು?"

"ನಗ್ಲಿ. ಮಗಳ ಸಲುವಾಗಿ ಒಂದ ದಿನ ನಗಸ್ಕೋರಿ. ಅಲ್ಲಿಯೂ ಅದೇ ಇದ್ರ ನಾನ ಆಕಿನ ಕೈಹಿಡದ ಬಿಟ್ಟ ಬರ್ತೀನಿ."

ಕೋಟು ತೊಟ್ಟು ಹೊರಟೆ. ಹೊರಟದ್ದು ನಿಜ, ಅಷ್ಟಾದರೂ ನನ್ನ ಲೆಕ್ಕಕ್ಕೆ ಇರಲಿ. ಕೆರೆಯ ಏರಿಯ ಮೇಲೆ ಅರ್ಧ ದಾರಿಗೆ ಬಂದಾಗ ಎದುರಿನಿಂದ ಬೆನ್ಯಾಮಿನಪ್ಪ ಬಂದ. "ಅಯ್ಯನವರ ಈ ಕಡೆ? ಪಂಚಾಂಗ ನೋಡಸಾಕ ಹೊಂಟೀರೇನು ಮತ್ತ?" ಎಂದು ಹಲ್ಲು ಕಿರಿದ. ಅವನಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಚೇಷ್ಟೆ ಮಾಡಿದ.

"ಗಾಳಿಗೆ ಬಂದಿದ್ದೆ" ಎಂದೆ. ಅವನ ಜೊತೆಯೇ ತಿರುಗಿ ನಡೆದೆ. ದಾರಿಯುದ್ದಕ್ಕೂ ಬೇಳೆಯ ಬೆಲೆಯ ಮಾತಾಡಿದೆವು.

ಮನೆಗೆ ಬಂದು ಕೋಟು ಕಳಚುತ್ತಾ, "ಅವನ ಪುಸ್ತಕದಾಗೂ ಅದೇ ಐತಂತ" ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಮೂವತ್ತು ವರ್ಷ ಪ್ರಸಂಗ ಮಾಡಿದ ನಾಲಿಗೆ ನೋಡಿ. ಎಸ್ತೇರವ್ವ ಒಳಗೆ ಹೋಗಿ ಮಗಳ ತಲೆ ಬಾಚಿದಳು. ಸಂಜೆ ಇಬ್ಬರೂ ಕಾರ್ಖಾನೆಯ ಓಣಿಗೆ ಹೋದರು. ಎಸ್ತೇರವ್ವ ಒಬ್ಬಳೇ ಬಂದಳು.

ಮುಂದಿನ ಭಾನುವಾರ ನಾನು ಅದೇ ನಾಲ್ಕು ಕಾರಣಗಳ ಮೇಲೆ ಪ್ರಸಂಗ ಮಾಡಿದೆ. ಮಗಳು ಬಂದು ಹೋದದ್ದು ಊರಿಗೆ ಗೊತ್ತಾಗಿತ್ತು. ಅಯ್ಯನವರು ಸ್ವಂತ ಮಗಳಿಗೂ ಪುಸ್ತಕ ಬಿಟ್ಟು ಹೇಳಲಿಲ್ಲ ಎಂದು ಜನ ನನ್ನನ್ನು ಹೊಗಳಿದರು. ನಾನು ಹೊಗಳಿಸಿಕೊಂಡೆ.

ಎರಡು ತಿಂಗಳಾಗಿರಬೇಕು. ಜಯಶೀಲ ಹೆಂಚಿನ ಅಚ್ಚಿನ ಹಲಗೆಯಿಂದ ಅವಳ ಎಡಗಿವಿಗೆ ಹೊಡೆದ. ಆ ಕಿವಿ ಇನ್ನು ಕೇಳಿಸುವುದಿಲ್ಲ ಎಂದರು ಡಾಕ್ಟರು. ಅವಳು ಆಸ್ಪತ್ರೆಯಿಂದ ನನ್ನ ಮನೆಗೆ ಬರಲಿಲ್ಲ. ಕೆರೆ ದಾಟಿ ನೆಟ್ಟಗೆ ದೇವಪುತ್ರನ ಮನೆಗೆ ಹೋಗಿ, "ನಿಮ್ಮ ಪುಸ್ತಕದಾಗೂ ಹಂಗೇ ಐತೇನ್ರಿ ಕಾಕಾ?" ಎಂದು ಕೇಳಿದಳಂತೆ. ಅವನಿಗೆ ತಲೆಬುಡ ತಿಳಿಯಲಿಲ್ಲ. "ನಿಮ್ಮಪ್ಪ ನನ್ನ ಕಡೆ ಬಂದೇ ಇಲ್ಲಲ್ಲವ್ವಾ" ಎಂದನಂತೆ. ಆಮೇಲೆ ಪುಸ್ತಕವನ್ನೇ ಅವಳ ಕೈಗೆ ಕೊಟ್ಟ. ಅವಳ ಕಣ್ಣು ಯಾವ ವ್ಯಾಖ್ಯಾನಕ್ಕೂ ಕಟ್ಟುಬಿದ್ದಿರಲಿಲ್ಲ. ಮೊದಲ ಪುಟ ಓದಿದಳು, ಆಮೇಲೆ ತನಗೆ ಬೇಕಾದ ಪುಟ ಓದಿದಳು, ಆಮೇಲೆ ಅವರ ಮನೆಯಲ್ಲೇ ಉಳಿದಳು.

ಮರುದಿನ ದೇವಪುತ್ರ ನಮ್ಮ ಮನೆಗೆ ಬಂದ. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಕಂಕುಳಲ್ಲಿ ಆ ಖಾಕಿ ಪುಸ್ತಕ. ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ಯಾರೂ ಕೇಳದಿದ್ದರೂ ಓದಿದ:

"ಈ ವಚನದ ಅರ್ಥ ನನಗೆ ತಿಳಿಯದು. ಇದನ್ನು ಯಾವ ಹೆಂಗಸಿಗೆ ಓದಿ ಹೇಳಬೇಕೆಂದಿರುವಿರೋ, ಮೊದಲು ಆಕೆಯನ್ನು ಕೇಳಿರಿ. ಆಕೆ ಹೇಳಿ ಮುಗಿಸುವ ತನಕ ಪುಸ್ತಕವನ್ನು ಮುಚ್ಚಿಡಿರಿ."

"ಅಷ್ಟೇನಾ?" ಎಂದೆ.

"ಅಷ್ಟೇ."

ಬಾಗಿಲಲ್ಲಿ ನಿಂತು ಎಸ್ತೇರವ್ವ ಎಲ್ಲ ಕೇಳಿಸಿಕೊಂಡಳು. ದೇವಪುತ್ರ ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಆಡಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ. ಅವನು ಪುಸ್ತಕ ಮಡಚಿಕೊಂಡು, ಚಪ್ಪಲಿ ಮೆಟ್ಟಿ ಹೋದ. ಅಂದಿನಿಂದ ಎಸ್ತೇರವ್ವ ನನ್ನ ಜೊತೆ ಆಡುವುದು "ಊಟಕ್ಕ ಏಳ್ರಿ" ಎಂಬ ಒಂದೇ ಮಾತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ. ನನಗೆ ಆಗಲೂ ಬುದ್ಧಿ ಬಂದಿರಲಿಲ್ಲ ಎನ್ನುವುದನ್ನು ಈಗ ಹೇಳುತ್ತೇನೆ.

ಒಂದು ಮಧ್ಯಾಹ್ನ ತಬ್ಬಿ ಬಂದಳು. ಅಂಗಳದಲ್ಲೇ ನಿಂತಳು, ಮೆಟ್ಟಿಲು ಹತ್ತಲಿಲ್ಲ.

"ಏಳನೇ ಸಂಪುಟ ಬೇಕಾಗಿತ್ತು. ನೀವು ಕೊಟ್ರ ಮೂರು ವಾರದಾಗ ತಂದ ಕೊಡ್ತೀನಿ" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ನೀ ಎಂದವಳು ನೀವು ಅಂದದ್ದನ್ನು ಗಮನಿಸಿದೆ. ಆದರೂ ಒಳಗೆ ಹಿಗ್ಗಾಯಿತು. ಪಂಚಾಂಗದಲ್ಲಿ ಸಿಗದ ಉತ್ತರ ಹುಡುಕಿಕೊಂಡು ಕಡೆಗೂ ಅಪ್ಪನ ಪುಸ್ತಕಕ್ಕೇ ಬಂದಳು ಎಂದುಕೊಂಡೆ! ಅವಳ ಕಣ್ಣಿಗೆ ಅದು ಬಿಳಿ ಹಾಳೆ ಎನ್ನುವುದು, ಈ ಊರಿನಲ್ಲೇ ಹುಟ್ಟಿ ಮುದುಕನಾದ ನನಗೆ, ಆ ಕ್ಷಣ ಹೊಳೆಯಲೇ ಇಲ್ಲ. ಧೂಳು ಒರೆಸಿ, ಎರಡೂ ಕೈಯಿಂದ ಎತ್ತಿ ಕೊಟ್ಟೆ.

ಹೇಳಿದ ದಿನಕ್ಕೆ ತಂದುಕೊಟ್ಟಳು, ಹಳೆಯ ಪತ್ರಿಕೆಯಲ್ಲಿ ಸುತ್ತಿ. "ಹಾಳಿ ಖಾಲಿ ಇದ್ದವು, ಬರದೀನಿ" ಎಂದು ಹೇಳಿ ಹೋದಳು.

ಬಿಚ್ಚಿ ನೋಡಿದೆ. ನಾಲ್ಕು ಕಾರಣಗಳಿದ್ದ ಪುಟದಿಂದ ಹಿಡಿದು ಹದಿನಾಲ್ಕು ಪುಟ, ಅಚ್ಚಿನ ಸಾಲುಗಳ ಮೇಲೇ ನೀಲಿ ಮಸಿಯಲ್ಲಿ ಅವಳ ದುಂಡನೆಯ ಅಕ್ಷರ. ಅವಳಿಗೆ ಅಚ್ಚು ಕಂಡಿಲ್ಲ, ನನ್ನ ಬೆರಳಿನ ಕಲೆ ನೋಡಿ ಪುಟ ಹಿಡಿದಿರಬೇಕು. ನನಗೆ ಅಚ್ಚು, ಮಸಿ ಎರಡೂ ಕಾಣುತ್ತಿದ್ದವು. ಸೋಮವಾರ, ಸಾರಿಗೆ ಉಪ್ಪು ಹೆಚ್ಚಾಯಿತೆಂದು. ಬುಧವಾರ, ಉಪ್ಪು ಕಡಿಮೆಯಾಯಿತೆಂದು. ಶುಕ್ರವಾರ, ಕಿಟಕಿಯಲ್ಲಿ ನಿಂತದ್ದಕ್ಕೆ. ಹೀಗೇ ಹೋಗಿತ್ತು. ಕೊನೆಯ ಪುಟದಲ್ಲಿ ಇಷ್ಟು ಬರೆದಿದ್ದಳು: "ಭಾನುವಾರ. ಸಭೆಯಿಂದ ಬಂದು ಬಾಗಿಲು ಹಾಕಿದರು. ನಿಮ್ಮಪ್ಪ ಅಂದು ಹೇಳಿದ ನಾಲ್ಕು ಕಾರಣ ಒಪ್ಪಿಸು ಎಂದರು. ಮೊದಲನೆಯದು ಹೇಳಿದೆ. ಎರಡನೆಯದು ಹೇಳಿದೆ. ಮೂರನೆಯದು ನೆನಪಾಗಲಿಲ್ಲ. ಹಲಗೆ ತೆಗೆದುಕೊಂಡರು."

ಮೂರನೆಯದು. ಅಂದು ಪಡಸಾಲೆಯಲ್ಲಿ ಅದು ಬಂದಾಗಲೇ ಅವಳು ನನ್ನನ್ನು ತಡೆದದ್ದು. ಆ ಮೂರನೆಯ ಕಾರಣ ಏನೆಂದು ನನಗೆ ಇವತ್ತಿಗೂ ಕಂಠಪಾಠ ಇದೆ. ಅದನ್ನು ಇಲ್ಲಿ ಬರೆಯಲಾರೆ.

ಆ ಭಾನುವಾರಕ್ಕೆ ಏಳನೆಯ ಸಂಪುಟವೇ ಬೇಕೆಂದು ಬೆನ್ಯಾಮಿನಪ್ಪನಿಗೆ ಹೇಳಿ ಕಳಿಸಿದೆ. ಅವನು ಎಂದಿನಂತೆ ತಲೆಯ ಮೇಲೆ ಹೊತ್ತು ತಂದು ಇಟ್ಟ. ಮುಂದಿನ ಬೆಂಚಿನಲ್ಲಿ ತಾಯಿಯ ಪಕ್ಕದಲ್ಲಿ ತಬ್ಬಿ ಕೂತಿದ್ದಳು. ದೇವಪುತ್ರನ ಮನೆಯಲ್ಲಿದ್ದರೂ ಭಾನುವಾರ ತಾಯಿಯ ಜೊತೆ ಕೂಡಲು ಬರುತ್ತಿದ್ದಳು. ಹಾಡುವವರ ಸಾಲಿನಲ್ಲಿ ಜಯಶೀಲನೂ ಇದ್ದ. ಅವನನ್ನು ಯಾರು ಏನು ಕೇಳಿದ್ದರು? ಅವನ ಬೆನ್ನಿಗೆ ಹನ್ನೆರಡು ಸಂಪುಟ ಇತ್ತಲ್ಲ.

ನಾನು ಪುಸ್ತಕ ಬಿಡಿಸಿ ಬೆರಳಿಟ್ಟೆ, ಅಚ್ಚಿನ ಸಾಲಿನ ಮೇಲಲ್ಲ, ನೀಲಿ ಸಾಲಿನ ಮೇಲೆ. ಸೋಮವಾರ ಓದಿದೆ. ಬುಧವಾರ ಓದಿದೆ. ಹದಿನಾಲ್ಕು ಪುಟ ಓದಿದೆ. ನಡುವೆ ನೀರು ಕುಡಿದು ಇನ್ನೂ ಗಟ್ಟಿಯಾಗಿ ಓದಿದೆ. ಯಾರಾದರೂ ಎದ್ದು ಕೂಗಲಿ, ಜಯಶೀಲನ ಕೊರಳಪಟ್ಟಿ ಹಿಡಿಯಲಿ, ನನ್ನನ್ನು ಪೀಠದಿಂದ ಕೆಳಗೆ ಎಳೆಯಲಿ ಎಂದು ಕಾಯುತ್ತಾ ಓದಿದೆ. ಹಲಗೆ ತೆಗೆದುಕೊಂಡರು ಎಂದು ಓದಿ ನಿಲ್ಲಿಸಿದೆ.

ಸಭೆ ಎಂದಿನಂತೆ ತಲೆಯಾಡಿಸಿತು. "ಆಮೆನ್" ಎಂದಿತು. ಜಯಶೀಲ ತಲೆ ತಗ್ಗಿಸಿದ್ದ. ನಾಚಿಕೆಯಿಂದಲ್ಲ, ಮುಂದಿನ ಹಾಡಿನ ಪುಟ ಹುಡುಕುತ್ತಿದ್ದ. ಹುಡುಕಿ, ಎದ್ದು, ಎಲ್ಲರಿಗಿಂತ ಮೊದಲು ದನಿ ಎತ್ತಿದ. ಬಾಗಿಲ ಬಳಿ ಬೆನ್ಯಾಮಿನಪ್ಪ ನನ್ನ ಕೈ ಹಿಡಿದು, "ಇವತ್ತಿಂದು ಭಾಳ ತೂಕ ಇತ್ರೀ ಅಯ್ಯನವರ. ಎಷ್ಟ ಅಂದ್ರೂ ದೊಡ್ಡ ಪುಸ್ತಕ ದೊಡ್ಡ ಪುಸ್ತಕನ" ಎಂದ. ಮೂವತ್ತೊಂದು ವರ್ಷ ನಾನೇ ಕಲಿಸಿದ ತಲೆಗಳು ಅವು, ಪೀಠದಿಂದ ಬಂದದ್ದಕ್ಕೆಲ್ಲ ಆಡುತ್ತವೆ. ಯಾರನ್ನು ಬೈಯಲಿ?

ಜನರನ್ನು ದಾಟಿಕೊಂಡು ತಬ್ಬಿಯ ಹತ್ತಿರ ಹೋದೆ. ತಾಯಿಯ ಸೆರಗು ಸರಿಪಡಿಸುತ್ತಿದ್ದಳು. ಅವಳ ಬಲಗಡೆಗೆ ಸುತ್ತಿ ಹೋಗಿ ನಿಂತು, "ಕೇಳಿಸ್ತೇನವ್ವಾ?" ಎಂದೆ.

"ಇಲ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಪ್ರಸಂಗ ಮಾಡೂಮುಂದ ನಾ ಎಡಗಿವಿ ಅತ್ತಾಗ ಮಾಡಿ, ಬಲಗಿವಿ ಕೈಲೆ ಮುಚ್ಚಿ ಕೂತಿರ್ತೀನಿ."

ತಾಯಿಯ ಕೈ ಹಿಡಿದುಕೊಂಡು ಕೆರೆಯ ಕಡೆಗೆ ನಡೆದಳು. ಹನ್ನೆರಡು ಸಂಪುಟ ಓದಿದ ನಾನು ಅವಳ ಕಷ್ಟದ ವಿಷಯವಾಗಿ ಅವಳನ್ನೇ ಕೇಳಿದ ಮೊದಲ ಪ್ರಶ್ನೆ ಅದು.